ನಮ್ಮ ಬಗ್ಗೆ ಅಧ್ಯಯನ ಮಾಡಿದರೆ ನಿಮಗೇಕೆ ಮುನಿಸು?

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಲಂಬಾಣಿ ತಾಂಡಾವೊಂದರಲ್ಲಿ ಹುಟ್ಟಿದ ನನ್ನನ್ನು ಗೆಳೆಯರು ಕೇಳುತ್ತಲೇ ಇರುತ್ತಾರೆ: ಮಾನವಶಾಸ್ತ್ರದವರು ನಿಮ್ಮ ಸಂಸ್ಕೃತಿಯನ್ನು ದಾಖಲಿಸಿದರೆ ಸಂತೋಷಪಡುವುದು ಬಿಟ್ಟು ಮುನಿಸೇಕೆ?

ಕೆಲವು ವರ್ಷಗಳ ಹಿಂದೆ ಸಂಶೋಧನಾ ವಿದ್ಯಾರ್ಥಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ದಿನವೂ ಸೀರೆಯುಡುವ ನನ್ನ ಅವ್ವನಿಂದ ಟ್ರಂಕಿನಲ್ಲಿದ್ದ ನಮ್ಮ ಹಳೆಯ ಉಡುಪಾದ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ತೆಗೆಸಿ, ಉಡಿಸಿ, ಒಲೆಯ ಮುಂದೆ ಕೂರಿಸಿ ಫೋಟೋ ತೆಗೆದರು. ಮದುವೆಯ ಉಡುಪಿನ ಪ್ರಶ್ನೆ ಬಂದಾಗ ಅವ್ವ, “ನಿಮ್ಮವ್ವ ಲಗ್ನದಾಗ ಏನು ಉಟ್ಟಿದ್ಲಪ್ಪಾ?” ಎಂದು ತಿರುಗಿ ಕೇಳಿದಳು. ಅವರಿಗೆ ತಿಳಿದಿರಲಿಲ್ಲ, ಆ ಮಾತನ್ನು ಬರೆದುಕೊಳ್ಳಲೂ ಇಲ್ಲ. ಮುಂದೆ ಪ್ರಬಂಧದಲ್ಲಿ ಅದೇ ಫೋಟೋದ ಕೆಳಗೆ “ನಿತ್ಯದ ಉಡುಪು” ಎಂದು ಅಚ್ಚಾಗಿತ್ತು.

ಇದು ಒಂದು ಫೋಟೋದ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಇಂಥ ಬರಹಗಳೇ ಮುಂದೆ ಕುಲಶಾಸ್ತ್ರೀಯ ಅಧ್ಯಯನಗಳಿಗೆ ಆಧಾರವಾಗುತ್ತವೆ, ಆ ಅಧ್ಯಯನಗಳನ್ನು ನೋಡಿ ಸರ್ಕಾರ ನಾವು ಯಾರೆಂದು ತೀರ್ಮಾನಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿಯನ್ನು ಪರಿಶೀಲಿಸಿದ 1965ರ ಲೋಕೂರ್ ಸಮಿತಿ ಬುಡಕಟ್ಟನ್ನು ಗುರುತಿಸಲು ಹೇಳಿದ ಲಕ್ಷಣಗಳಲ್ಲಿ ಆದಿಮತೆಯ ಜೊತೆಗೆ ಹೊರಗಿನವರೊಡನೆ ಬೆರೆಯುವ ಸಂಕೋಚವೂ ಒಂದು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡೆಲ್ಲ ತಿರುಗಿ ಮಾರಿದವರ ಮಕ್ಕಳು ನಾವು. ಸಂಕೋಚ ಪಟ್ಟುಕೊಂಡವರು ವ್ಯಾಪಾರ ಮಾಡುವುದುಂಟೇ! ನಮ್ಮ ತಾಲ್ಲೂಕಿನಿಂದ ಎರಡು ರಾಜ್ಯಗಳ ಗಡಿ ಹತ್ತಿರ. ನಾನು ಇಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದ ನಾರಾಯಣಖೇಡದಲ್ಲಿರುವ ನನ್ನ ಸೋದರಮಾವ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದ ಉದಗೀರಕ್ಕೆ ಕೊಟ್ಟ ಅಕ್ಕನ ಮಕ್ಕಳು ಅಲ್ಲಿನ ಇನ್ನೊಂದು ಮೀಸಲಾತಿ ಪಟ್ಟಿಯಾದ ವಿಮುಕ್ತ ಜಾತಿ. ತೀಜ್ ಹಬ್ಬಕ್ಕೆ ಮೂವರ ಮನೆಯಲ್ಲೂ ಬುಟ್ಟಿಯಲ್ಲಿ ಗೋಧಿಯ ಮೊಳಕೆಯನ್ನೇ ಬೆಳೆಸುತ್ತಾರೆ. ಪ್ರಮಾಣಪತ್ರ ಬೇಕಾದಾಗ ನಾವೂ ಆಯಾ ಪಟ್ಟಿಯ ಭಾಷೆಯಲ್ಲೇ ನಮ್ಮನ್ನು ವಿವರಿಸಿಕೊಳ್ಳುತ್ತೇವೆ ಎಂಬುದನ್ನು ಮುಚ್ಚಿಡಲಾರೆ.

ಹೆಸರಿಡುವ ಚಟ ನಮಗೂ ಇದೆ, ಅನ್ನಿ. ನಮ್ಮ ಮಾತಿನಲ್ಲಿ ನಾವು ಗೋರ್, ಉಳಿದವರೆಲ್ಲ ಕೋರ್. ವ್ಯತ್ಯಾಸವೆಂದರೆ, ಕೋರ್ ಎಂದು ನಾವು ಕರೆದ ಮಾತ್ರಕ್ಕೆ ಯಾರ ಮಗನ ಹಾಸ್ಟೆಲ್ ಸೀಟೂ ತಪ್ಪುವುದಿಲ್ಲ.

ಆದ್ದರಿಂದ ಬರಬೇಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಅಚ್ಚಿಗೆ ಕೊಡುವ ಮೊದಲು ಬರೆದದ್ದನ್ನು ತಾಂಡಾದ ನಾಯಕರ ಮನೆಯಂಗಳದಲ್ಲಿ ಓದಿ ಹೇಳಿರೆಂದು ಕೇಳುತ್ತೇನೆ. ಈಗ ನನ್ನ ತಂಗಿ ತೀಜ್ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುತ್ತಿದ್ದಾಳೆ. ಒಂದೇ ಹಾಡನ್ನು ಅವ್ವ ಒಂದು ಬಗೆಯಲ್ಲೂ ಪಕ್ಕದ ಮನೆಯ ಕಾಕಿ ಇನ್ನೊಂದು ಬಗೆಯಲ್ಲೂ ಹೇಳಿದರೆ, ಅವಳು ಎರಡನ್ನೂ ಬರೆದು ಪಕ್ಕದಲ್ಲಿ ಹಾಡಿದವರ ಹೆಸರು ಹಾಕುತ್ತಾಳೆ.