ಮನೆಯಲ್ಲಿ ಕೆಮ್ಮುವವರು ಯಾರು?

ಅಡಿಕೆ ಸುಲಿಯುವ ದಿನಗಳು. ಸಿರ್ಸಿ ಸೀಮೆಯಲ್ಲಿ ಆ ಹೊತ್ತಿಗೆ ಕೆಮ್ಮದವರು ಯಾರಿದ್ದಾರೆ ಹೇಳಿ? ಅಡಿಕೆ ಬೇಯಿಸುವ ಒಲೆಯ ಹೊಗೆ, ಬೆಳಗಿನ ಇಬ್ಬನಿ, ಅಂಗಳದ ದೂಳು. ನನಗೂ ಮೂರು ವಾರದಿಂದ ಕೆಮ್ಮಿತ್ತು. ಜ್ವರ ಇಲ್ಲ, ಕಫ ಇಲ್ಲ, ರಾತ್ರಿ ಒಮ್ಮೆ ಶುರುವಾದರೆ ಮಾತ್ರ ಕಣ್ಣಲ್ಲಿ ನೀರು ಬರುವ ತನಕ ಬಿಡುತ್ತಿರಲಿಲ್ಲ. ಅಲರ್ಜಿ ಅಂತ ನಾನೇ ತೀರ್ಮಾನ ಮಾಡಿಕೊಂಡು, ಬಾಳಂತನಕ್ಕೆ ಬಂದಿದ್ದ ತಂಗಿಯ ಮಗುವನ್ನು ದಿನವಿಡೀ ಎತ್ತಿಕೊಂಡು ತಿರುಗುತ್ತಿದ್ದೆ.

ಐದು ವಾರದ ಕೂಸಿಗೆ ಮೊದಲು ಬಂದದ್ದು ಬರೀ ನೆಗಡಿ. ಪೇಟೆಯ ಡಾಕ್ಟರರೊಬ್ಬರು ಮೂಗಿಗೆ ಹನಿ ಕೊಟ್ಟು ಕಳಿಸಿದರು. ಆಯಿ ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ, ಜೇನು ಕಲಸಿ ನೆಕ್ಕಿಸಲು ಹೊರಟಳು. ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು ಅಂತ ತಂಗಿ ತಡೆದಳು, ಅದಕ್ಕೊಂದು ಸಣ್ಣ ಜಗಳವೂ ಆಯಿತು. ಆಮೇಲೆ ಕೆಮ್ಮು ಬಂತು. ನಾಯಿಕೆಮ್ಮು ಇರಬಹುದಾ ಅಂತ ಕೇಳಿದ್ದಕ್ಕೆ ಆಯಿ, "ಅದು ಕೇಳಿರೆ ಗೊತ್ತಾಗ್ತು, ಕೂಗು ಬತ್ತು. ಇದು ಅದಲ್ಲ" ಅಂದಳು.

ಎರಡು ದಿನ ಬಿಟ್ಟು ನಸುಕಿನಲ್ಲಿ ತಂಗಿ ಕೂಗಿದಳು, "ಅಣ್ಣ, ಕೂಸು ಉಸಿರು ಬಿಡ್ತಾ ಇಲ್ಲೆ!" ಓಡಿ ಹೋಗಿ ನೋಡಿದರೆ ತುಟಿ ನೀಲಿ. ಬೆನ್ನು ತಟ್ಟಿದೆವೋ, ಅಲುಗಿಸಿದೆವೋ ನೆನಪಿಲ್ಲ. ಎಷ್ಟು ಸೆಕೆಂಡೋ, ಆಮೇಲೆ ಅತ್ತಿತು. ಮುಂಡಗೋಡ ದಾರಿಯಲ್ಲಿ ಹುಬ್ಬಳ್ಳಿಗೆ ಹೋಗುವ ತನಕ ನಾನು ನೋಡಿದ್ದು ರಸ್ತೆಯನ್ನಲ್ಲ, ಕನ್ನಡಿಯಲ್ಲಿ ಆ ತುಟಿಗಳನ್ನು. ಗಾಡಿ ಓಡಿಸುವವನು ಮಾಡಬಾರದ ಕೆಲಸ.

ಅಲ್ಲಿನ ಮಕ್ಕಳ ಡಾಕ್ಟರ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಮನೆಯಲ್ಲಿ ಕೆಮ್ಮುವವರು ಯಾರು?" ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ನನಗೇ ಕೆಮ್ಮು ಬಂತು.

ಮಗುವಿನ ಮೂಗಿನ ಆಳದಿಂದ ಸ್ವ್ಯಾಬ್ ತೆಗೆದು ಪರೀಕ್ಷೆಗೆ ಕಳಿಸಿದರು. ನಾಯಿಕೆಮ್ಮೇ. ಕೆಮ್ಮಿ ಕೆಮ್ಮಿ ಉಸಿರು ಖಾಲಿಯಾದ ಮೇಲೆ ಜೋರಾಗಿ ಒಳಗೆಳೆದುಕೊಳ್ಳುವಾಗ ಬರುವ ಸದ್ದೇ ಆ ಕೂಗು. ಎಳೆಗೂಸಿಗೆ ಹಾಗೆ ಎಳೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ, ಉಸಿರು ಸುಮ್ನೆ ನಿಂತುಬಿಡುತ್ತದೆ. ನಾನು ಚಿಕ್ಕಂದಿನಲ್ಲಿ ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಡಿಪಿಟಿ ಚುಚ್ಚಿಸಿಕೊಂಡವನೇ, ಆದರೆ ಅದರ ಬಲ ವರ್ಷ ಕಳೆದಂತೆ ಇಳಿಯುತ್ತದಂತೆ. ಮಗುವಿಗೆ ಆರು ವಾರಕ್ಕೆ ಹಾಕುವ, ನಾಯಿಕೆಮ್ಮನ್ನೂ ತಡೆಯುವ ಪೆಂಟಾವೇಲೆಂಟ್ ಲಸಿಕೆ ಇನ್ನೂ ಹಾಕಿರಲಿಲ್ಲ. ಬಸುರಿಯಲ್ಲಿ ತಂಗಿಗೆ ಕೊಟ್ಟದ್ದು ಟಿಡಿ, ಅಂದರೆ ಧನುರ್ವಾಯು ಮತ್ತು ಡಿಫ್ತೀರಿಯಾದ ಚುಚ್ಚುಮದ್ದು. ಅದರಲ್ಲಿ ನಾಯಿಕೆಮ್ಮಿಗೆ ಮದ್ದಿಲ್ಲ, ಟಿಡ್ಯಾಪ್ ಅನ್ನುವ ಇನ್ನೊಂದು ಲಸಿಕೆಯಲ್ಲಿ ಇದೆ. ಇದೆಲ್ಲ ನನಗೆ ಗೊತ್ತಾದದ್ದು ಐಸಿಯು ಹೊರಗಿನ ಬೆಂಚಿನ ಮೇಲೆ.

ಮನೆಮಂದಿಗೆಲ್ಲ ಐದು ದಿನ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್. ಆಯಿ ಮಾತ್ರೆ ನುಂಗಲು ಮಾಡಿದ ರಗಳೆಯನ್ನೇ ಬೇರೆ ಬರೆಯಬಹುದು. ಔಷಧಿ ಕೊಟ್ಟ ಕೂಡಲೇ ಕೆಮ್ಮು ನಿಲ್ಲುತ್ತದೆ ಅಂದುಕೊಂಡಿದ್ದೆ. ಈ ಹಂತದಲ್ಲಿ ಅದು ಇನ್ನೊಬ್ಬರಿಗೆ ಹರಡುವುದನ್ನು ತಡೆಯುತ್ತದೆ ಅಷ್ಟೇ, ಶ್ವಾಸನಾಳಕ್ಕೆ ಆದ ಗಾಯ ನಿಧಾನಕ್ಕೇ ಮಾಯಬೇಕು ಅಂದರು ಡಾಕ್ಟರ್. ಒಂಬತ್ತು ದಿನಕ್ಕೆ ಮನೆಗೆ ಕಳಿಸಿದರೂ ಶಿವರಾತ್ರಿ ತನಕ ಕೆಮ್ಮಿತು. ನಡುವೆ ಲಸಿಕೆಗಳೂ ಆದವು.

ತಂಗಿ ಇದುವರೆಗೆ ನನಗೆ ಒಂದು ಮಾತೂ ಅಂದಿಲ್ಲ. ಊರಿಗೆ ಹೊರಡುವ ಮುಂಚೆ ಫೋನ್ ಮಾಡುತ್ತಾಳೆ, ಮಳೆ ಹೇಗಿದೆ, ತೋಟ ಹೇಗಿದೆ ಅಂತೆಲ್ಲ ವಿಚಾರಿಸಿ, ಇಡುವ ಮೊದಲು ಕೇಳುತ್ತಾಳೆ: "ಅಣ್ಣ, ನಿಂಗೆ ಕೆಮ್ಮು ಗಿಮ್ಮು ಇಲ್ಲೆ ಅಲ್ದಾ?"