ಹೊಸ ಡೆಸ್ಕ್‌ಟಾಪ್, ಹಳೇ ಬಜೆಟ್

ಹೊಸ ಡೆಸ್ಕ್‌ಟಾಪ್ ಹುಡುಕುತ್ತಿದ್ದೇನೆ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ನಲ್ಲೇ ನಿಂತಿತು. ನನ್ನ ಹಳೇ ಯಂತ್ರ 11ಕ್ಕೆ ಒಗ್ಗುವುದಿಲ್ಲ.

ಯಾರನ್ನು ಕೇಳಿದರೂ ಮೊದಲು ಪ್ರೊಸೆಸರ್ ಮಾತು. ಬರೆಯೋದು, ಬ್ರೌಸರ್, ಒಂದಿಷ್ಟು ವಿಡಿಯೋ, ಇಷ್ಟಕ್ಕೆ ಸಾಧಾರಣ ಪ್ರೊಸೆಸರ್ ಸಾಕು ಅಲ್ವಾ? ದುಡ್ಡು ಹಾಕಬೇಕಾದ್ದು ಎಸ್‌ಎಸ್‌ಡಿಗೆ, ಅಂದರೆ ಫೈಲ್‌ಗಳನ್ನು ಚಿಪ್‌ನಲ್ಲಿ ಇಡುವ ಡ್ರೈವ್‌ಗೆ. ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಓದುವ ಕೈ ಸರಿದು ಜಾಗ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ, ಅದಕ್ಕೇ ವೇಗ. ರ‍್ಯಾಮ್ 16 ಜಿಬಿ ಇರಲಿ, 8ರದ್ದು ಎರಡು ಹಾಕಿಸಿದರೆ ಇನ್ನೂ ಒಳ್ಳೆಯದು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಮೂಡಿಸುವ ಭಾಗ ಕೂಡ ಆ ರ‍್ಯಾಮನ್ನೇ ಬಳಸುತ್ತದೆ. ಇಂಟೆಲ್ ಆದರೆ ಹೆಸರಿನ ಕೊನೆಗೆ ‘ಎಫ್’ ಇದೆಯಾ ನೋಡಿಕೊಳ್ಳಿ. ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದೇ ಅರ್ಥ. ಅಗ್ಗ ಅಂತ ತಂದರೆ ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಖರ್ಚು.

ಬಣ್ಣದ ದೀಪದ ಕ್ಯಾಬಿನೆಟ್‌ಗೆ ಜಾಸ್ತಿ ಕೊಟ್ಟು ಪವರ್ ಸಪ್ಲೈನಲ್ಲಿ ಉಳಿಸುವವರನ್ನು ಕಂಡರೆ ನನಗೆ ಆಶ್ಚರ್ಯ. ಇಡೀ ಪೆಟ್ಟಿಗೆಗೆ ಕರೆಂಟ್ ಕೊಡೋದೇ ಅದು!

ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ, ಕೈಯಲ್ಲಿ ಕಾಸು ಬಂದಾಗ ಸೇರಿಸಿದರಾಯಿತು. ಡೆಸ್ಕ್‌ಟಾಪ್‌ನಲ್ಲಿ ಈ ಒಂದು ಸುಖ ಇದೆ. ಮಾನಿಟರ್ ಹಳೆಯದೇ ಸಾಕು. ಅದರಲ್ಲಿ ಕೇಬಲ್ ಚುಚ್ಚಲು ವಿಜಿಎ ಎಂಬ ಹಳೇ ಬಗೆಯ ಕಿಂಡಿ ಮಾತ್ರ ಇರೋದು, ಹಾಗಾಗಿ ಆ ಕಿಂಡಿ ಇರುವ ಮದರ್‌ಬೋರ್ಡ್ ಹುಡುಕುವುದೇ ಈಗಿನ ಕೆಲಸ.