ಕೈಲಿ ಮಿನೋಗ್ ಗೆದ್ದದ್ದು ಸೀರಿಯಲ್ ಹೆಸರಿನಿಂದಲೇ ಅಲ್ಲವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪಾಶ್ಚಾತ್ಯ ಪಾಪ್ ಬಗ್ಗೆ ಬರೆಯುವಾಗ ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್ ಹೆಸರು ಎತ್ತಿದರೆ ಸಾಕು, ಅದೇ ಪ್ರಶ್ನೆ ಬರುತ್ತದೆ. "ಸೀರಿಯಲ್‌ನಲ್ಲಿ ಮುಖ ಪರಿಚಯವಾಗಿತ್ತು, ಅದಕ್ಕೇ ಹಾಡೂ ಓಡಿತು. ನಿಜಕ್ಕೂ ಹಾಡುವುದಕ್ಕೆ ಬರುತ್ತಿತ್ತಾ?" ಮೊದಲ ಎರಡು ವರ್ಷದ ಮಟ್ಟಿಗೆ ಈ ಅನುಮಾನ ಬಹುಪಾಲು ಸರಿ. ಆಮೇಲಿನ ಮೂವತ್ತೈದು ವರ್ಷಕ್ಕೆ ಅದು ಹೊಂದುವುದಿಲ್ಲ. ಎರಡಕ್ಕೂ ಕಾರಣ ಹೇಳುತ್ತೇನೆ.

ನಮ್ಮವರಿಗೆ ಈ ಅನುಮಾನ ಬರುವುದು ಸಹಜವೇ. ತೆರೆಯ ಮೇಲೆ ಒಬ್ಬರು, ಮೈಕಿನ ಮುಂದೆ ಇನ್ನೊಬ್ಬರು ಎನ್ನುವ ಹಿನ್ನೆಲೆ ಗಾಯನದಲ್ಲಿ ಬೆಳೆದವರು ನಾವು. ರಂಗಭೂಮಿಯಲ್ಲಿ ಹಾಡಿಕೊಂಡೇ ಬಂದ ಡಾ. ರಾಜ್‌ಕುಮಾರ್ ಅವರಿಗೂ 1974ರವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರೇ ಕಂಠ ಕೊಟ್ಟರು. ಹಾಗಾಗಿ ನಟಿಯೊಬ್ಬಳು ಹಾಡುತ್ತಾಳೆ ಎಂದಾಗ ಮೊದಲು ಶಂಕೆ ಹುಟ್ಟುತ್ತದೆ.

ಆ ಸೀರಿಯಲ್ಲಿನ ಹೆಸರು 'ನೇಬರ್ಸ್'. ಆಸ್ಟ್ರೇಲಿಯಾದ ಸೆವೆನ್ ವಾಹಿನಿ 1985ರಲ್ಲಿ ಶುರು ಮಾಡಿ ಅದೇ ವರ್ಷ ಕೈಬಿಟ್ಟ ಧಾರಾವಾಹಿಯನ್ನು 1986ರಲ್ಲಿ ಟೆನ್ ವಾಹಿನಿ ಎತ್ತಿಕೊಂಡಿತು. ಮೆಲ್ಬರ್ನ್‌ನ ವರ್ಮಂಟ್ ಸೌತ್ ಬಡಾವಣೆಯ ಒಂದು ಸಣ್ಣ ರಸ್ತೆಯಲ್ಲಿ ಹೊರಾಂಗಣ, ನನಾವಾಡಿಂಗ್‌ನ ಸ್ಟುಡಿಯೋದಲ್ಲಿ ಒಳಾಂಗಣ, ವಾರಕ್ಕೆ ಅರ್ಧ ಗಂಟೆಯ ಐದು ಕಂತು. 1968ರಲ್ಲಿ ಹುಟ್ಟಿದ ಕೈಲಿ 1986ರಲ್ಲಿ ಷಾರ್ಲೀನ್ ಎಂಬ ಪಾತ್ರಕ್ಕೆ ಸೇರಿದರು. ಶಾಲೆ ಮುಗಿಸಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗುವ, ಯಾರ ಮಾತಿಗೂ ಸೊಪ್ಪು ಹಾಕದ ಹುಡುಗಿ. ಆಗ ಮನೆಯಲ್ಲಿ ಗಾಯಕಿ ಎಂದು ಹೆಸರಿದ್ದದ್ದು ತಂಗಿ ಡ್ಯಾನಿಗೆ. ಅವಳು ಟಿವಿಯ ಮಕ್ಕಳ ಪ್ರತಿಭಾ ಕಾರ್ಯಕ್ರಮದಲ್ಲಿ ವಾರವಾರ ಹಾಡುತ್ತಿದ್ದಳು. 1988ರಲ್ಲಿ ಕೈಲಿಗೆ ಒಂದೇ ಸಮಾರಂಭದಲ್ಲಿ ನಾಲ್ಕು ಲೋಗಿ ಪ್ರಶಸ್ತಿ ಬಂದವು. ಅವು ಟಿವಿ ಪ್ರಶಸ್ತಿಗಳು, ಹಾಡಿನವಲ್ಲ.

ಹಾಡಿನ ದಾರಿ ತೆರೆದದ್ದು ಮೆಲ್ಬರ್ನ್‌ನ ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ಬಿನ ಸಹಾಯಾರ್ಥ ಕಾರ್ಯಕ್ರಮದಲ್ಲಿ. ಸೀರಿಯಲ್ ತಂಡದ ಜೊತೆ ವೇದಿಕೆ ಹತ್ತಿದ ಕೈಲಿ, ಒನ್ಸ್ ಮೋರ್ ಎಂದಾಗ 1962ರ ಹಳೆಯ ಅಮೆರಿಕನ್ ಹಾಡು 'ದಿ ಲೋಕೋಮೋಷನ್' ಹಾಡಿದರು. ಮಶ್ರೂಮ್ ರೆಕಾರ್ಡ್ಸ್ ಒಪ್ಪಂದ ಮಾಡಿಕೊಂಡು ಅದನ್ನೇ 1987ರಲ್ಲಿ ಬಿಡುಗಡೆ ಮಾಡಿತು. ಆಸ್ಟ್ರೇಲಿಯಾದ ಮಾರಾಟ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನ, ಆ ದಶಕದಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಬಿಡಿಯಾಗಿ ಬಿಡುಗಡೆಯಾಗುವ ಹಾಡು). ಇಷ್ಟಕ್ಕೆ ಕಾರಣ ಷಾರ್ಲೀನ್ ಎಂದರೆ ನಾನು ವಾದ ಮಾಡುವುದಿಲ್ಲ.

ಬ್ರಿಟನ್ನಿನ ಕಥೆ ಬೇರೆ, ಅಲ್ಲಿ ಕೆಲಸ ಮಾಡಿದ್ದು ದಿನಾಂಕಗಳು. ಬಿಬಿಸಿ 'ನೇಬರ್ಸ್' ಅನ್ನು 1986ರ ಅಕ್ಟೋಬರ್‌ನಲ್ಲಿ ಶುರು ಮಾಡಿತು, ಆಸ್ಟ್ರೇಲಿಯಾಕ್ಕಿಂತ ಒಂದೂಕಾಲು ವರ್ಷಕ್ಕೂ ಹೆಚ್ಚು ತಡವಾಗಿ. ಮೊದಲು ಹಗಲಿನಲ್ಲಿ ಮಾತ್ರ ಬರುತ್ತಿತ್ತು. 1988ರ ಜನವರಿಯಿಂದ ಮಧ್ಯಾಹ್ನದ ಕಂತನ್ನೇ ಸಂಜೆ 5.35ಕ್ಕೆ ಮತ್ತೆ ಹಾಕತೊಡಗಿದರು. ಶಾಲೆ ಬಿಟ್ಟು ಮನೆಗೆ ಬಂದ ಮಕ್ಕಳೆಲ್ಲ ಟಿವಿ ಮುಂದೆ. ಕೈಲಿಯ 'ಐ ಶುಡ್ ಬಿ ಸೋ ಲಕ್ಕಿ' ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು ಅದಕ್ಕೆ ಕೆಲವೇ ದಿನ ಮುಂಚೆ, 1987ರ ಡಿಸೆಂಬರ್ ಕೊನೆಗೆ. ಫೆಬ್ರವರಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿ ಐದು ವಾರ ಅಲ್ಲೇ ಕೂತಿತು.

ಇನ್ನೊಂದು ಲೆಕ್ಕ ನೋಡಿ. ಷಾರ್ಲೀನ್ ಮತ್ತು ಸ್ಕಾಟ್ ಮದುವೆಯ ಕಂತು ಆಸ್ಟ್ರೇಲಿಯಾದಲ್ಲಿ ಪ್ರಸಾರವಾದದ್ದು 1987ರ ಜುಲೈ 1ರಂದು, ಬ್ರಿಟನ್ನಿನಲ್ಲಿ 1988ರ ನವೆಂಬರ್ 8ರಂದು. ನಡುವೆ ಹದಿನಾರು ತಿಂಗಳು. ಬ್ರಿಟನ್ನಿನಲ್ಲಿ ಸುಮಾರು ಎರಡು ಕೋಟಿ ಜನ ಅದನ್ನು ನೋಡಿದರು. ಅಷ್ಟರಲ್ಲಿ ಕೈಲಿ ಸೀರಿಯಲ್ ಬಿಟ್ಟಾಗಿತ್ತು! ಮುಂಜಾನೆಯ ಕಾಲ್‌ಶೀಟ್ ಇಲ್ಲ, ಸಂಭಾಷಣೆ ಬಾಯಿಪಾಠ ಇಲ್ಲ, ಪೂರ್ತಿ ಸಮಯ ಹಾಡಿಗೆ. ಆದರೆ ಬ್ರಿಟನ್ನಿನ ಮನೆಗಳಲ್ಲಿ ಷಾರ್ಲೀನ್ 1989ರಲ್ಲೂ ದಿನಕ್ಕೆರಡು ಸಲ ಕಾಣಿಸುತ್ತಿದ್ದಳು. ಮದುವೆ ಕಂತಿನ ಬೆನ್ನಿಗೇ ಸ್ಕಾಟ್ ಪಾತ್ರದ ಜೇಸನ್ ಡೊನೊವನ್ ಜೊತೆ ಹಾಡಿದ ಯುಗಳಗೀತೆ ಬಂತು. ಕ್ರಿಸ್‌ಮಸ್ ವಾರದಲ್ಲಿ ಕ್ಲಿಫ್ ರಿಚರ್ಡ್ ಹಾಡಿನ ಹಿಂದೆ ಎರಡನೆಯದಾಗಿ ನಿಂತು, ಜನವರಿಯಲ್ಲಿ ಮೊದಲನೆಯದಾಯಿತು. ಯಾವ ಕಂಪನಿಯೂ ದುಡ್ಡು ಕೊಟ್ಟು ಕೊಳ್ಳಲಾಗದ ಪ್ರಚಾರ ಅದು. ಸೀರಿಯಲ್ ನಟಿಯರು ಹಾಡಿಗೆ ಬಂದಾಗ ಸಾಮಾನ್ಯವಾಗಿ ಎರಡರಲ್ಲೊಂದು ಕೆಡುತ್ತದೆ. ಶೂಟಿಂಗ್ ಬಿಡದೆ ಹಾಡಿದರೆ ತಾಲೀಮಿಗೆ, ಪ್ರವಾಸಕ್ಕೆ ಸಮಯವಿಲ್ಲ. ಶೂಟಿಂಗ್ ಬಿಟ್ಟರೆ ಜನ ಮರೆಯುತ್ತಾರೆ. ಪ್ರಸಾರದ ಆ ಅಂತರದಿಂದ ಕೈಲಿಗೆ ಎರಡೂ ತೊಂದರೆ ತಪ್ಪಿತು.

ಆ ಮೊದಲ ಬ್ರಿಟಿಷ್ ಹಾಡು ತಯಾರಾದ ಬಗೆಯನ್ನೂ ಹೇಳಬೇಕು. 1987ರಲ್ಲಿ ಕೈಲಿ ಲಂಡನ್ನಿಗೆ ಹೋದದ್ದು ಸ್ಟಾಕ್, ಏಟ್ಕೆನ್, ವಾಟರ್‌ಮನ್ ಎಂಬ ಮೂವರ ಸ್ಟುಡಿಯೋಗೆ. ಹಾಡು ಬರೆದು, ವಾದ್ಯ ಕಂಪ್ಯೂಟರಿನಲ್ಲಿ ಕೂರಿಸಿ, ಕೊನೆಗೆ ಗಾಯಕರನ್ನು ಕರೆದು ಹಾಡಿಸುವುದು ಅವರ ಪದ್ಧತಿ. ಕೈಲಿ ಬರುವುದನ್ನು ಅವರು ಮರೆತೇಬಿಟ್ಟಿದ್ದರು. ಊರಿಗೆ ವಿಮಾನ ಹತ್ತಬೇಕಾದ ದಿನ ಕೈಲಿ ಹೊರಗೆ ಕಾದು ಕೂತಿದ್ದಾಗ ಒಳಗೆ ನಲವತ್ತು ನಿಮಿಷದಲ್ಲಿ ಹಾಡು ಬರೆದರು. ಅವರು ಒಂದೊಂದೇ ಸಾಲು ಹೇಳಿಕೊಟ್ಟರು, ಕೈಲಿ ಕೇಳಿದ ಹಾಗೆಯೇ ಹಾಡಿದರು. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. ಪೂರ್ತಿ ಹಾಡು ಹೇಗಿದೆ ಎಂದು ತಿಳಿಯದೆಯೇ ಕೈಲಿ ಮೆಲ್ಬರ್ನ್‌ಗೆ ಹೊರಟರು. ಈ ನಡವಳಿಕೆಯಿಂದ ಕೈಲಿಗೆ ನೋವಾಗಿತ್ತು. ಹಾಡು ಗೆದ್ದ ಮೇಲೆ ಮೈಕ್ ಸ್ಟಾಕ್ ಆಸ್ಟ್ರೇಲಿಯಾಕ್ಕೇ ಹೋಗಿ ಕ್ಷಮೆ ಕೇಳಿ ಮುಂದಿನ ಹಾಡಿಗೆ ಒಪ್ಪಿಸಿದರು.

ಹಾಡಲು ಬರುತ್ತಿತ್ತಾ ಎನ್ನುವವರಿಗೆ ಇಲ್ಲೇ ಅರ್ಧ ಉತ್ತರವಿದೆ. ಗೊತ್ತಿಲ್ಲದ ಹಾಡನ್ನು ಸಾಲುಸಾಲಾಗಿ ಕೇಳಿ, ಶ್ರುತಿ ತಪ್ಪದೆ, ನಗುಮುಖ ಕೇಳಿಸುವ ಹಾಗೆ, ಗಂಟೆಯೊಳಗೆ ಮುಗಿಸುವುದು ಕಂಠವಿಲ್ಲದವರ ಕೈಲಾಗದು. ಬೆಳಿಗ್ಗೆ ಪುಟ ಕೊಟ್ಟರೆ ಮಧ್ಯಾಹ್ನ ಒಂದೆರಡು ಟೇಕ್‌ನಲ್ಲಿ ಓಕೆ ಮಾಡಿಸುವ ಸೀರಿಯಲ್ ಶಿಸ್ತು ಅಲ್ಲಿ ನೆರವಿಗೆ ಬಂತು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಕೈಲಿಯದು ತೆಳುವಾದ, ಹಗುರವಾದ ಕಂಠ. ದೊಡ್ಡ ದನಿಯ ಗಾಯಕಿಯರ ಪಕ್ಕದಲ್ಲಿಟ್ಟು ಅಳೆದರೆ ಸೋಲುತ್ತದೆ. ನೃತ್ಯದ ಹಾಡಿಗೆ ಅಂಥ ಕಂಠವೇ ಅನುಕೂಲ, ಏಕೆಂದರೆ ತಾಳವಾದ್ಯ ಮತ್ತು ಬೇಸ್‌ಗೆ ಅಡ್ಡ ಬರದೆ ಅವುಗಳ ಮೇಲೆ ತೇಲುತ್ತದೆ.

ಅಮೆರಿಕದ ಉದಾಹರಣೆ ಕೊಟ್ಟು ನನ್ನನ್ನು ಎದುರಿಸುವವರೂ ಇದ್ದಾರೆ. 1988ರಲ್ಲಿ 'ನೇಬರ್ಸ್' ಎಂದರೆ ಏನೆಂದೇ ತಿಳಿಯದ ಆ ದೇಶದಲ್ಲಿ 'ದಿ ಲೋಕೋಮೋಷನ್' ಮೂರನೇ ಸ್ಥಾನಕ್ಕೆ ಬಂತಲ್ಲ, ಹಾಗಾದರೆ ಸೀರಿಯಲ್ ಬೇಕಿರಲೇ ಇಲ್ಲವಲ್ಲ ಎಂದು. ಬಂತು, ನಿಜ. ಆದರೆ ಅದರ ನಂತರ ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಹಾಡು ಇಲ್ಲ. ಸೀರಿಯಲ್ ಇಲ್ಲದ ಕಡೆ ಒಂದು ಹಾಡು ಗೆಲ್ಲಬಹುದು. ಆ ಹಂತದಲ್ಲಿ ಸಾಲುಸಾಲಾಗಿ ಗೆಲ್ಲಿಸಲು ಷಾರ್ಲೀನ್ ಬೇಕಿತ್ತು.

'ನೇಬರ್ಸ್' ಬಾಗಿಲಿನಿಂದಲೇ ಬಂದ ಉಳಿದವರನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಜೇಸನ್ ಡೊನೊವನ್ ಅವರ ಮೊದಲ ಆಲ್ಬಮ್ 1989ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದು. ಎರಡು ವರ್ಷದಲ್ಲಿ ಅವರು ಸಂಗೀತ ನಾಟಕದ ಕಡೆ ತಿರುಗಿದರು. ಕ್ರೇಗ್ ಮೆಕ್ಲಾಕ್ಲನ್‌ಗೆ 1990ರಲ್ಲಿ ಎರಡನೇ ಸ್ಥಾನದ ಹಾಡು ಸಿಕ್ಕಿತು, ಮುಂದೆ ಅಂಥದ್ದು ಬರಲಿಲ್ಲ. ಹಾಲಿ ವ್ಯಾಲನ್ಸ್ 2002ರಲ್ಲಿ ಮೊದಲ ಹಾಡಿನಲ್ಲೇ ಬ್ರಿಟನ್ನಿನ ತುದಿ ಮುಟ್ಟಿ ಬೇಗ ಸಂಗೀತ ಬಿಟ್ಟರು. ಡೆಲ್ಟಾ ಗುಡ್ರಮ್ ಮಾತ್ರ ಉಲ್ಟಾ ದಾರಿ ಹಿಡಿದರು. ಮೊದಲು ಹಾಡಿನ ಕಂಪನಿಯ ಒಪ್ಪಂದ, ಆಮೇಲೆ ಸೀರಿಯಲ್, ಅಲ್ಲೂ ಹಾಡುವ ಹುಡುಗಿಯ ಪಾತ್ರ. 2003ರ ಅವರ ಆಲ್ಬಮ್ ಆಸ್ಟ್ರೇಲಿಯಾದಲ್ಲಿ 29 ವಾರ ಮೊದಲ ಸ್ಥಾನದಲ್ಲಿತ್ತು. ನನ್ನ ದೃಷ್ಟಿಯಲ್ಲಿ ಎಲ್ಲರಿಗಿಂತ ಜಾಣ ಯೋಜನೆ ಅದು.

ಕೈಲಿಗೂ ಆ ಗೋಡೆ ಎದುರಾಯಿತು. ಬ್ರಿಟನ್ನಿನಲ್ಲಿ ಮೊದಲ ಹದಿಮೂರು ಸಿಂಗಲ್‌ಗಳೂ ಮೊದಲ ಹತ್ತರೊಳಗೆ ಬಂದಿದ್ದವು. 1991ರಲ್ಲಿ 'ವರ್ಡ್ ಈಸ್ ಔಟ್' ಹದಿನಾರಕ್ಕೇ ನಿಂತಿತು. ಸಂಜೆ 5.35ಕ್ಕೆ ಟಿವಿ ನೋಡುತ್ತಿದ್ದ ಮಕ್ಕಳು ಬೆಳೆದಿದ್ದರು, ಲಂಡನ್ನಿನ ಕ್ಲಬ್‌ಗಳ ಸಂಗೀತವೂ ಬದಲಾಗಿತ್ತು. 1992ರಲ್ಲಿ ವಾಟರ್‌ಮನ್ ಕಂಪನಿಯ ಜೊತೆಗಿನ ಒಪ್ಪಂದ ಮುಗಿದಾಗ ಕೈಲಿ ಅದನ್ನು ಮುಂದುವರಿಸದೆ ಡಿಕನ್‌ಸ್ಟ್ರಕ್ಷನ್ ಎಂಬ ನೃತ್ಯ ಸಂಗೀತದ ಕಂಪನಿಗೆ ಹೋದರು. ಕಂಪನಿ ಬದಲಾದರೂ ಮ್ಯಾನೇಜರ್ ಬದಲಾಗಲಿಲ್ಲ. ಟೆರಿ ಬ್ಲೇಮಿ ಕಾಲು ಶತಮಾನ ಜೊತೆಗಿದ್ದರು. ಇದನ್ನು ಯಾರೂ ಗಮನಿಸುವುದಿಲ್ಲ, ಆದರೆ ದಿಕ್ಕು ಬದಲಿಸುವ ಧೈರ್ಯ ಬರುವುದು ಇಂಥ ಸ್ಥಿರತೆಯಿಂದಲೇ.

ಹೊಸ ಕಂಪನಿಯಲ್ಲಿ ಮೊದಲ ಹಾಡು 1994ರ 'ಕನ್ಫೈಡ್ ಇನ್ ಮಿ'. ಐದು ನಿಮಿಷಕ್ಕೂ ಉದ್ದ, ತಂತಿವಾದ್ಯಗಳ ನಿಧಾನ ಆರಂಭ, ಪಿಸುಮಾತಿಗೆ ಹತ್ತಿರದ ದನಿ. ಮರುವರ್ಷ ಆಸ್ಟ್ರೇಲಿಯಾದ ರಾಕ್ ಗಾಯಕ ನಿಕ್ ಕೇವ್ ಜೊತೆ ಕೊಲೆಯೊಂದರ ಕಥನಗೀತೆ. 1996ರಲ್ಲಿ ಅದೇ ನಿಕ್ ಕೇವ್ ಒತ್ತಾಯಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಕಾವ್ಯವಾಚನದಲ್ಲಿ, ವಾದ್ಯವಿಲ್ಲದೆ, 'ಐ ಶುಡ್ ಬಿ ಸೋ ಲಕ್ಕಿ' ಸಾಹಿತ್ಯವನ್ನು ಕವಿತೆಯ ಹಾಗೆ ಓದಿದರು. ತನ್ನನ್ನು ಹಂಗಿಸಲು ಜನ ಬಳಸುತ್ತಿದ್ದ ಹಾಡನ್ನೇ ಎದುರಿಗಿಟ್ಟುಕೊಂಡು ನಿಂತದ್ದು ದೊಡ್ಡ ತಿರುವು. 1998ರ ಪ್ರವಾಸದಲ್ಲಿ ಅದೇ ಹಾಡನ್ನು ತಾಳ ಇಳಿಸಿ ವಿರಹಗೀತೆಯಂತೆ ಹಾಡಿದರು. ಹಳೆಯ ಹಾಡನ್ನು ಬಿಟ್ಟುಬಿಡುವ, ಇಲ್ಲವೇ ಇದ್ದ ಹಾಗೇ ಒಪ್ಪಿಸುವ ಕಲಾವಿದರೇ ಹೆಚ್ಚು. ಕೈಲಿ ಅದನ್ನು ಪ್ರತಿ ಕಾಲಕ್ಕೂ ಹೊಸದಾಗಿ ಹೊಲಿದರು.

ನಡುವೆ ಸೋಲೂ ಇತ್ತು. ಸಾಹಿತ್ಯವನ್ನು ತಾವೇ ಬರೆದ 1997ರ ಆಲ್ಬಮ್ಮಿನ ಹೆಸರು 'ಇಂಪಾಸಿಬಲ್ ಪ್ರಿನ್ಸೆಸ್'. ಅಷ್ಟರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ತೀರಿಕೊಂಡರು. ಬ್ರಿಟನ್ನಿನಲ್ಲಿ ಬಿಡುಗಡೆ 1998ಕ್ಕೆ ಹೋಯಿತು, ಹೆಸರೂ ಬದಲಾಯಿತು, ಮಾರಾಟ ಬಿತ್ತು. ಇಂದು ಕೇಳಿದರೆ ಅವರ ಕೆಲಸದಲ್ಲೇ ಅತಿ ಪ್ರಾಮಾಣಿಕವಾದದ್ದು ಅದು ಎನ್ನುತ್ತೇನೆ.

1999ರಲ್ಲಿ ಪಾರ್ಲೊಫೋನ್ ಕಂಪನಿ, 2000ದಲ್ಲಿ 'ಸ್ಪಿನ್ನಿಂಗ್ ಅರೌಂಡ್', ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಹಾಡು. ಆಮೇಲೆ 2001ರ 'ಕಾಂಟ್ ಗೆಟ್ ಯೂ ಔಟ್ ಆಫ್ ಮೈ ಹೆಡ್'. ಕ್ಯಾಥಿ ಡೆನಿಸ್ ಮತ್ತು ರಾಬ್ ಡೇವಿಸ್ ಬರೆದ ಈ ಹಾಡನ್ನು ಬೇರೆಯವರು ಬೇಡವೆಂದಿದ್ದರು. ಡೆಮೊದ (ಮಾದರಿ ಧ್ವನಿಮುದ್ರಣದ) ಮೊದಲ ಕೆಲವು ಸೆಕೆಂಡ್ ಕೇಳಿಯೇ ಕೈಲಿ ಬೇಕೆಂದರು. ಹಾಡು ಚರಣದಿಂದ ಶುರುವಾಗುವುದಿಲ್ಲ. 'ಲಾ ಲಾ ಲಾ' ಮೊದಲೇ ಬಂದು ಕಿವಿಯಲ್ಲಿ ಕೂರುತ್ತದೆ. ನಿಮಿಷಕ್ಕೆ ಸುಮಾರು 125 ಬಡಿತದ ತಾಳ ಎಲ್ಲೂ ಏರುವುದಿಲ್ಲ, ಇಳಿಯುವುದಿಲ್ಲ. ದೊಡ್ಡ ಕಂಠದವರು ಅಲ್ಲಿ ಅಲಂಕಾರ ಸೇರಿಸಿ ಕೆಡಿಸುತ್ತಿದ್ದರು. ಕೈಲಿ ಏನನ್ನೂ ಸೇರಿಸಲಿಲ್ಲ. 50 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು, ಅಮೆರಿಕವೂ ಏಳನೇ ಸ್ಥಾನಕ್ಕೆ ಏರಿಸಿತು. ಆ ಹೊತ್ತಿಗೆ ಷಾರ್ಲೀನ್ ತೆರೆಯಿಂದ ಮರೆಯಾಗಿ ಹತ್ತು ವರ್ಷ ದಾಟಿತ್ತು.

2005ರ ಮೇ ತಿಂಗಳಲ್ಲಿ, 36ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಪ್ರವಾಸ ಅರ್ಧಕ್ಕೆ ನಿಂತಿತು. ಸುದ್ದಿ ಹೊರಬಂದ ಎರಡು ವಾರದಲ್ಲಿ ಆಸ್ಟ್ರೇಲಿಯಾದಲ್ಲಿ ಸ್ತನ ತಪಾಸಣೆಗೆ ಹೆಸರು ಬರೆಸಿದವರ ಸಂಖ್ಯೆ ಶೇ 40ರಷ್ಟು ಏರಿತು. 2006ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಮತ್ತೆ ವೇದಿಕೆ ಹತ್ತಿದಾಗ ದೇಹದ ಶಕ್ತಿಗೆ ತಕ್ಕಂತೆ ನೃತ್ಯವನ್ನು ತಿದ್ದಿ, ನಡುವಿನ ವಿರಾಮಗಳನ್ನು ಉದ್ದ ಮಾಡಿದ್ದರು. 2009ರಲ್ಲಿ ಎ.ಆರ್. ರೆಹಮಾನ್ ಸಂಗೀತದ ಹಿಂದಿ ಚಿತ್ರವೊಂದರಲ್ಲಿ ಹಾಡಿ ಕುಣಿದರು. ನಮ್ಮಲ್ಲಿ ಅನೇಕರಿಗೆ ಅವರ ಪರಿಚಯವಾದದ್ದೇ ಆಗ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಧ್ವನಿಮುದ್ರಣ ಕಲಿತು, ಆಲ್ಬಮ್ಮಿನಲ್ಲಿ ಇಂಜಿನಿಯರ್ ಎಂದೂ ಹೆಸರು ಹಾಕಿಸಿಕೊಂಡರು. 1987ರಲ್ಲಿ ಸಾಲು ಹೇಳಿಸಿಕೊಂಡು ಹಾಡಿದ ಹುಡುಗಿ ಇಷ್ಟು ದೂರ ಬಂದದ್ದು ನನಗೆ ಎಲ್ಲ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 2023ರ 'ಪದಂ ಪದಂ' ಮರುವರ್ಷ ಗ್ರ್ಯಾಮಿ ತಂದುಕೊಟ್ಟಿತು. ಆಗ ವಯಸ್ಸು 55.

ನಂಬಿಕೆ ಬರದವರು ಹೆಡ್‌ಫೋನ್ ಹಾಕಿಕೊಂಡು ಮೂರೇ ಹಾಡು ಕೇಳಿ: 1987ರ 'ಲಕ್ಕಿ', 1994ರ 'ಕನ್ಫೈಡ್ ಇನ್ ಮಿ', 2001ರ 'ಕಾಂಟ್ ಗೆಟ್ ಯೂ'. ಮೊದಲನೆಯದರಲ್ಲಿ ಪ್ರತಿ ಸಾಲೂ ಒಂದೇ ಎತ್ತರದಲ್ಲಿ ಓಡುತ್ತದೆ. ಎರಡನೆಯದರಲ್ಲಿ ಸಾಲಿನ ಕೊನೆಯಲ್ಲಿ ಉಸಿರು ಬಿಡುವ ಸದ್ದು ಬೇಕೆಂದೇ ಉಳಿಸಿದಂತಿದೆ. ಮೂರನೆಯದರಲ್ಲಿ ಪದಗಳ ನಡುವಿನ ಖಾಲಿ ಜಾಗವನ್ನು ಎಣಿಸಿ. ಆಮೇಲೆ 1998ರ ನಿಧಾನಗತಿಯ 'ಲಕ್ಕಿ' ಹುಡುಕಿ ಕೇಳಿ. ಸಾಹಿತ್ಯ ಅದೇ, ಹಾಡುವವರೂ ಅವರೇ, ಆದರೆ ಸಿಗದ ಪ್ರೀತಿಯ ಬಗ್ಗೆ ಆ ಹಾಡು ಏನು ಹೇಳುತ್ತಿತ್ತು ಎಂಬುದು ಅಲ್ಲಿ ಮೊದಲ ಸಲ ಕೇಳಿಸುತ್ತದೆ.